ಸಾಕ್ಷಿ ಸ್ಕ್ರೀನ್ ಮೇಲೆ ಬಂದಾಗ, ಆ ಕಡೆ ಕೋಣೆಯಲ್ಲಿ ಯಾರಿರುತ್ತಾರೆ?

ಶಿರಸಿ, ಕುಮಟಾ, ಕಾರವಾರ ಎಲ್ಲೇ ಆಗಲಿ, ಕೋರ್ಟಿಗೆ ಓಡಾಡುವವರ ಬಾಯಲ್ಲಿ ಈಗ ‘ವಿಸಿ’, ಅಂದರೆ ವಿಡಿಯೊ ಕಾನ್ಫರೆನ್ಸ್, ಅನ್ನುವುದು ಮಾಮೂಲಿ ಮಾತು. ‘ಮುಂದಿನ ತಾರೀಕಿಗೆ ನೀವು ಬರೋದು ಬೇಡ, ವಿಸಿಗೆ ಅರ್ಜಿ ಹಾಕೋಣ’ ಅಂತ ವಕೀಲರು ಹೇಳುತ್ತಾರೆ. ಕಕ್ಷಿದಾರರು ತಲೆ ಅಲ್ಲಾಡಿಸಿ ಹೊರಗೆ ಬರುತ್ತಾರೆ. ಬಸ್ ಹತ್ತಿದ ಮೇಲೆ ಅನುಮಾನ ಶುರು. ಮೊಬೈಲ್‌ನಲ್ಲೇ ಮಾತಾಡಬಹುದಾ? ಮನೆ ಜಗಲಿ ಮೇಲೆ ಕೂತು ಸಾಕ್ಷಿ ಹೇಳಿದರೆ ನಡೆಯುತ್ತಾ? ನಾಳೆ ಎದುರು ಪಾರ್ಟಿಯವರು ಅದನ್ನೇ ಹಿಡಿದುಕೊಂಡು ತಕರಾರು ತೆಗೆದರೆ?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ವ್ಯವಸ್ಥೆಯ ಗರಜು ಜಾಸ್ತಿ. ಜಿಲ್ಲಾ ನ್ಯಾಯಾಲಯ ಇರುವುದು ಕಾರವಾರದಲ್ಲಿ, ಅಂದರೆ ಜಿಲ್ಲೆಯ ಒಂದು ತುದಿಯಲ್ಲಿ. ಭಟ್ಕಳ ಇನ್ನೊಂದು ತುದಿ. ಸಿದ್ದಾಪುರ, ಮುಂಡಗೋಡ ಘಟ್ಟದ ಮೇಲೆ. ಶಿರಸಿಯಲ್ಲಿ ಹೆಚ್ಚುವರಿ ಜಿಲ್ಲಾ ನ್ಯಾಯಾಲಯ ಕೂರುವುದರಿಂದ ಮೇಲಿನ ತಾಲೂಕುಗಳವರಿಗೆ ಸ್ವಲ್ಪ ಅನುಕೂಲ. ಹೈಕೋರ್ಟ್ ಕೆಲಸಕ್ಕೆ ಧಾರವಾಡ. ಅಲ್ಲಿನ ಸಂಚಾರಿ ಪೀಠ 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಎಲ್ಲದಕ್ಕೂ ಬೆಂಗಳೂರಿಗೇ ಹೋಗಬೇಕಿತ್ತು.

ಈ ಊರುಗಳ ನಡುವೆ ಅರಬೈಲ್ ಘಟ್ಟ, ದೇವಿಮನೆ ಘಟ್ಟ ಇವೆ. ಮಳೆಗಾಲದಲ್ಲಿ ಯಾವ ರಸ್ತೆ ಯಾವತ್ತು ಬಂದ್ ಆಗುತ್ತದೋ ಹೇಳೋಕಾಗಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66ರಲ್ಲಿ ದಿನಗಟ್ಟಲೆ ಸಂಚಾರ ನಿಂತಿತು. ಅಂಥ ದಿನ ಕುಮಟಾದವರು ಕಾರವಾರದ ಕೋರ್ಟಿಗೆ ಹಾಜರಾಗುವುದು ಹೇಗೆ? ಇನ್ನು ನಮ್ಮ ಜನ ಊರಲ್ಲೇ ಇರುವವರೂ ಅಲ್ಲ. ಭಟ್ಕಳದವರು ದುಬೈ, ಸೌದಿಯಲ್ಲಿ. ಶಿರಸಿ, ಯಲ್ಲಾಪುರದ ಮಕ್ಕಳು ಬೆಂಗಳೂರು, ಪುಣೆ, ಅಮೆರಿಕದಲ್ಲಿ. ತೋಟದ ಕೇಸು ಮಾತ್ರ ಇಲ್ಲೇ.

ಹಾಗಾದರೆ ಕಾನೂನು ಏನು ಹೇಳುತ್ತದೆ?

ಕೊರೊನಾ ಬಂದಾಗ ಶುರುವಾದದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಇದರ ಬುಡ 2003ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಮುಂಬೈನ ಒಬ್ಬ ವೈದ್ಯರ ಮೇಲೆ ಕ್ಯಾನ್ಸರ್ ರೋಗಿಯೊಬ್ಬರ ಶಸ್ತ್ರಚಿಕಿತ್ಸೆ ವಿಷಯದಲ್ಲಿ ಕೇಸು ಇತ್ತು. ಅದಕ್ಕೆ ನ್ಯೂಯಾರ್ಕಿನ ಒಬ್ಬ ವೈದ್ಯರ ಸಾಕ್ಷಿ ಬೇಕಿತ್ತು. ಸಾಕ್ಷಿ ಹೇಳಲು ಅವರು ತಯಾರಿದ್ದರು, ಭಾರತಕ್ಕೆ ಬರಲು ತಯಾರಿರಲಿಲ್ಲ. ವಿಚಾರಣಾ ಕೋರ್ಟ್ ವಿಸಿಗೆ ಒಪ್ಪಿತು. ಬಾಂಬೆ ಹೈಕೋರ್ಟ್ ಆಗಲ್ಲ ಅಂದಿತು. ಯಾಕೆಂದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 273ನೇ ಸೆಕ್ಷನ್ ಪ್ರಕಾರ ಸಾಕ್ಷ್ಯವನ್ನು ಆರೋಪಿಯ ಎದುರೇ ದಾಖಲಿಸಬೇಕು. ಸಾಕ್ಷಿ ನ್ಯೂಯಾರ್ಕಿನಲ್ಲಿ, ಆರೋಪಿ ಮುಂಬೈಯಲ್ಲಿ ಇದ್ದರೆ ಎದುರು ಹೇಗಾಗುತ್ತದೆ?

ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಆರೋಪಿಗೆ ಸಾಕ್ಷಿ ಕಾಣುತ್ತಾನೆ, ಅವನ ಮಾತು ಕೇಳುತ್ತದೆ. ಆರೋಪಿಯ ವಕೀಲರು ಆ ಕ್ಷಣಕ್ಕೇ ಪ್ರಶ್ನೆ ಕೇಳಬಹುದು. ಕೋಣೆ ಒಂದೇ ಆಗಿರಬೇಕಿಲ್ಲ. ಆ ವೈದ್ಯರು 2013ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಖುಲಾಸೆಯಾದರು. ಆದರೆ 2003ರ ತೀರ್ಪು ಮಾತ್ರ ಇವತ್ತಿಗೂ ಪ್ರತಿ ವಿಸಿ ಅರ್ಜಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಸುಮಾರಿಗೆ ನಮ್ಮ ಹೈಕೋರ್ಟ್ ಕೂಡ ಒಂದು ಸಿನಿಮಾ ಕಂಪನಿಯ ಸಿವಿಲ್ ದಾವೆಯಲ್ಲಿ ವಿಸಿ ಸಾಕ್ಷ್ಯಕ್ಕೆ ಅನುಮತಿ ಕೊಟ್ಟು, ಕೆಲವು ಷರತ್ತು ಹಾಕಿತ್ತು.

ಕೊರೊನಾ ಮಾಡಿದ್ದು ಬೇರೆ ಕೆಲಸ. ಅಪರೂಪಕ್ಕೆ ನಡೆಯುತ್ತಿದ್ದದ್ದನ್ನು ದಿನನಿತ್ಯದ್ದಾಗಿಸಿತು. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಹೈಕೋರ್ಟ್‌ಗಳಿಗೂ ವಿಸಿ ವ್ಯವಸ್ಥೆ ಮಾಡಿಕೊಳ್ಳಲು ಆದೇಶ ಕೊಟ್ಟಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ನಿಯಮ ಮಾಡಿತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಹೈಕೋರ್ಟೂ ವಕೀಲರಿಗೆ, ಕಕ್ಷಿದಾರರಿಗೆ ವಿಸಿ ಸೌಲಭ್ಯ ನಿರಾಕರಿಸಬಾರದು ಅಂದಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಸೆಕ್ಷನ್ನಂತೂ ವಿಚಾರಣೆ, ಸಮನ್ಸ್, ಸಾಕ್ಷ್ಯ ಎಲ್ಲವನ್ನೂ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಬಹುದು ಎಂದು ನೇರವಾಗಿ ಹೇಳುತ್ತದೆ. ‘ನಡೆಸಬಹುದು’ ಅಷ್ಟೇ, ‘ನಡೆಸಲೇಬೇಕು’ ಅಲ್ಲ. ತೀರ್ಮಾನ ನ್ಯಾಯಾಧೀಶರದ್ದು.

ಕೋರ್ಟಿನ ಕೆಲಸ ಎಲ್ಲ ಒಂದೇ ತರಹದ್ದಲ್ಲ. ಬರೀ ತಾರೀಕು ಹಾಕಿಸಿಕೊಳ್ಳುವುದಕ್ಕೆ, ಧಾರವಾಡದಲ್ಲಿ ಮಧ್ಯಂತರ ಅರ್ಜಿಯ ಮೇಲೆ ಹತ್ತು ನಿಮಿಷ ವಾದ ಮಾಡುವುದಕ್ಕೆ ವಿಸಿ ಹೇಳಿ ಮಾಡಿಸಿದ ಹಾಗಿದೆ. ಕಾರವಾರದ ವಕೀಲರು ತಮ್ಮ ಆಫೀಸಿನಲ್ಲೇ ಬ್ಯಾಂಡ್, ಗೌನ್ ಹಾಕಿಕೊಂಡು ಕೂತು ಧಾರವಾಡ ಪೀಠದ ಮುಂದೆ ವಾದ ಮಾಡಬಹುದು. ಕಕ್ಷಿದಾರರಿಗೆ ವಕೀಲರ ಓಡಾಟದ ಖರ್ಚು ಉಳಿಯುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸರ್ಕಾರಿ ವೈದ್ಯರು, ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಸಾಕ್ಷಿಗೂ ಒಳ್ಳೆಯದು. ಒಂದು ಮರಣೋತ್ತರ ವರದಿಯ ಬಗ್ಗೆ ಅರ್ಧ ಗಂಟೆ ಮಾತಾಡಲು ವರ್ಗವಾಗಿ ಹೋದ ಡಾಕ್ಟರ್ ಕಲಬುರಗಿಯಿಂದ ಶಿರಸಿಗೆ ಬರಬೇಕೇ? ಅವರು ಬಂದ ದಿನ ವಕೀಲರ ಮುಷ್ಕರ ಇದ್ದರೆ ಮುಗಿದೇಹೋಯಿತು, ಮತ್ತೊಂದು ತಾರೀಕು.

ಕಷ್ಟ ಶುರುವಾಗುವುದು ಸಾಮಾನ್ಯ ಸಾಕ್ಷಿಯ ಪಾಟೀಸವಾಲಿನಲ್ಲಿ, ಅಂದರೆ ಎದುರು ಪಾರ್ಟಿಯ ವಕೀಲರು ಪ್ರಶ್ನೆ ಕೇಳುವಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ಕೋರ್ಟಿನಲ್ಲಿ ಅಡಿಕೆ ತೋಟದ ಹಿಸ್ಸೆ ದಾವೆ. ಅಪ್ಪ ಬರೆದಿಟ್ಟ ಮೃತ್ಯುಪತ್ರ, ಅಂದರೆ ವಿಲ್, ನಿಜವೋ ಸುಳ್ಳೋ ಅನ್ನುವುದೇ ಜಗಳ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಬದುಕಿದ್ದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ಬರೆದವರು ಸಹಿ ಹಾಕಿದ್ದನ್ನು ನಾನು ಕಂಡಿದ್ದೇನೆ’ ಎಂದು ಹೇಳಬೇಕು. ಒಬ್ಬ ಸಾಕ್ಷಿ ತೀರಿಕೊಂಡಿದ್ದಾರೆ. ಇನ್ನೊಬ್ಬರಿಗೆ ವಯಸ್ಸಾಗಿದೆ, ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಮಂಡಿನೋವು, ಪ್ರಯಾಣ ಆಗಲ್ಲ. ಸಿವಿಲ್ ದಾವೆಯಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಕಡೆಯಿಂದ ಹೇಳುವ ಮಾತು, ಅಫಿಡವಿಟ್‌ನಲ್ಲೇ ಆಗುತ್ತದೆ. ಹಾಗಾಗಿ ಉಳಿದದ್ದು ಪಾಟೀಸವಾಲು. ವಿಸಿಯಲ್ಲಿ ಅಜ್ಜ ಕಾಣಿಸಿಕೊಳ್ಳುತ್ತಾರೆ.

‘ಯಜಮಾನ್ರೇ, ಈ ಪುಟದ ಕೆಳಗಿನ ಸಹಿ ನಿಮ್ಮದೇನಾ?’

‘ಹೌದು.’

‘ಅವತ್ತು ಮೊದಲು ಸಹಿ ಹಾಕಿದ್ದು ಯಾರು? ನೀವಾ, ವಿಲ್ ಬರೆದವರಾ?’

ಈಗ ನಾಲ್ಕು ಸೆಕೆಂಡ್ ಏನೂ ಇಲ್ಲ. ಅಜ್ಜನ ಕಣ್ಣು ಕ್ಯಾಮೆರಾದಿಂದ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಆಮೇಲೆ, ‘ಕೇಳಿಸ್ಲಿಲ್ಲ ಸ್ವಾಮಿ, ಇನ್ನೊಂದ್ಸಲ ಹೇಳಿ.’

ಇಡೀ ಕೇಸು ನಿಂತಿರುವುದು ಈ ನಾಲ್ಕು ಸೆಕೆಂಡಿನ ಮೇಲೆ. ನಿಜವಾಗಿ ಕೇಳಿಸಲಿಲ್ಲವೇ? ನೆಟ್‌ವರ್ಕ್ ನಿಧಾನವೇ? ನೆನಪು ಮಾಡಿಕೊಳ್ಳುತ್ತಿದ್ದರೇ? ಅಥವಾ ಎಡಕ್ಕೆ ಯಾರಾದರೂ ಕೂತು ಕೈಸನ್ನೆ ಮಾಡಿದರೇ? ಕಟಕಟೆಯಲ್ಲಿ ನಿಂತ ಸಾಕ್ಷಿಯಾದರೆ ನ್ಯಾಯಾಧೀಶರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸಾಕ್ಷಿ ತಡವರಿಸಿದ, ಬೆವರಿದ, ಹಿಂದೆ ಕೂತ ಅಳಿಯನ ಮುಖ ನೋಡಿದ ಎಂಬುದೆಲ್ಲ ಕಾಣುತ್ತದೆ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆದುಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಸ್ಕ್ರೀನ್ ತೋರಿಸುವುದು ಎದೆಯಿಂದ ಮೇಲೆ ಮಾತ್ರ. ಕೈ ಏನು ಮಾಡುತ್ತಿದೆ, ಮೇಜಿನ ಮೇಲೆ ಯಾವ ಚೀಟಿ ಇದೆ ಗೊತ್ತಾಗುವುದಿಲ್ಲ.

ಕ್ಯಾಮೆರಾ ಎಷ್ಟೇ ದುಬಾರಿಯಾದರೂ ಈ ಸಮಸ್ಯೆ ಬಗೆಹರಿಯಲ್ಲ. ಬಗೆಹರಿಸುವುದು ಆ ಕಡೆ ಕೋಣೆಯಲ್ಲಿ ಕೂತಿರುವ ಒಬ್ಬ ಮನುಷ್ಯ. ವಿಸಿ ನಿಯಮಗಳ ಜೀವಾಳ ಇದೇ ಅಂತ ನನಗೆ ಅನ್ನಿಸುತ್ತದೆ, ಆದರೆ ಜನ ಇದರ ಬಗ್ಗೆಯೇ ಕಡಿಮೆ ಮಾತಾಡುತ್ತಾರೆ.

ನಿಯಮ ಎರಡು ಜಾಗ ಗುರುತಿಸುತ್ತದೆ. ಒಂದು ಕೋರ್ಟ್ ಇರುವ ಜಾಗ, ಇನ್ನೊಂದು ಸಾಕ್ಷಿ ಕೂರುವ ದೂರದ ಜಾಗ. ಎರಡು ಕಡೆಯೂ ಒಬ್ಬೊಬ್ಬ ಸಂಯೋಜಕ ಇರಬೇಕು. ಸಾಕ್ಷಿ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ. ಬೇರೆ ಊರಿನ ಕೋರ್ಟಿನಲ್ಲಿ ಕೂತರೆ ಆ ಕೋರ್ಟಿನವರು. ಜೈಲಾದರೆ ಜೈಲು ಅಧಿಕಾರಿ, ಆಸ್ಪತ್ರೆಯಾದರೆ ಅಲ್ಲಿನ ವೈದ್ಯಾಧಿಕಾರಿ. ಅಂದರೆ ನಮ್ಮ ಪುಣೆ ಅಜ್ಜ ಮಗಳ ಮನೆ ಸೋಫಾ ಮೇಲೆ ಕೂರುವ ಬದಲು ಪುಣೆಯ ಕೋರ್ಟಿನ ವಿಸಿ ಕೋಣೆಗೆ ಹೋಗುವುದೇ ಸರಿ. ದುಬೈನಲ್ಲಿರುವ ಭಟ್ಕಳದ ಹುಡುಗ ತನ್ನ ರೂಮಿನಿಂದ ಲಿಂಕ್ ಒತ್ತಿದರೆ ಸಾಲದು, ಕಾನ್ಸುಲೇಟ್‌ಗೆ ಹೋಗಬೇಕು. ರಜೆ ಹಾಕಬೇಕಾಗುತ್ತದೆ, ನಿಜ. ವಿಮಾನ ಟಿಕೆಟ್‌ಗಿಂತ ಅದು ಅಗ್ಗ.

ಆ ಸಂಯೋಜಕ ಮಾಡಬೇಕಾದ್ದು ಸಣ್ಣ ಕೆಲಸವಲ್ಲ. ಸಾಕ್ಷಿಯ ಗುರುತಿನ ಚೀಟಿ ನೋಡಬೇಕು. ಕೋರ್ಟ್ ಒಪ್ಪಿದವರನ್ನು ಬಿಟ್ಟು ಬೇರೆ ಯಾರೂ ಕೋಣೆಯಲ್ಲಿ ಇರದಂತೆ ನೋಡಿಕೊಳ್ಳಬೇಕು. ಯಾರೂ ಸಾಕ್ಷಿಗೆ ಹೇಳಿಕೊಡಬಾರದು, ಹೆದರಿಸಬಾರದು. ಕೋರ್ಟಿನ ಅಪ್ಪಣೆ ಇಲ್ಲದೆ ಸಾಕ್ಷಿ ಯಾವ ಕಾಗದ, ಯಾವ ಮೊಬೈಲ್ ನೋಡಬಾರದು. ಯಾರೂ ಕದ್ದು ರೆಕಾರ್ಡ್ ಮಾಡಬಾರದು. ಆಗ ಅಜ್ಜನ ಕಣ್ಣು ಎಡಕ್ಕೆ ಹೋದರೆ ನ್ಯಾಯಾಧೀಶರು ನೇರವಾಗಿ ಕೇಳಬಹುದು, ‘ಅಲ್ಲಿ ಯಾರಿದ್ದಾರೆ, ಕ್ಯಾಮೆರಾ ತಿರುಗಿಸಿ ತೋರಿಸಿ.’ ಉತ್ತರ ಕೊಡುವವರು ಸಾಕ್ಷಿಯ ಮಗಳಲ್ಲ, ಜವಾಬ್ದಾರಿ ಇರುವ ಒಬ್ಬ ಅಧಿಕಾರಿ. ಇಷ್ಟು ಇಲ್ಲದೆ ದಾಖಲಾದ ಪಾಟೀಸವಾಲಿನ ಮೇಲೆ ಒಬ್ಬರ ತೋಟ ಹೋಗುವುದಾದರೆ ನಾನಂತೂ ಅದನ್ನು ಒಪ್ಪಲಾರೆ.

ಕಾಗದಪತ್ರದ ತಾಪತ್ರಯ ಬೇರೆ. ಕೋರ್ಟಿನಲ್ಲಿ ವಕೀಲರು ಮೂಲ ವಿಲ್ ಅನ್ನೇ ಸಾಕ್ಷಿಯ ಕೈಗೆ ಕೊಟ್ಟು ಪುಟ ತಿರುವಿಸುತ್ತಾರೆ. ವಿಸಿಯಲ್ಲಿ ಸ್ಕ್ಯಾನ್ ಪ್ರತಿಯನ್ನು ಮೊದಲೇ ಆ ಕಡೆಗೆ ಕಳಿಸಿರಬೇಕು, ಇಲ್ಲವೇ ಸ್ಕ್ರೀನ್ ಮೇಲೆ ತೋರಿಸಬೇಕು. ಶಾಯಿ ಯಾವುದು, ಕಾಗದ ಹಳೆಯದಾ, ಸಹಿ ಮೇಲೆ ತಿದ್ದಿದ್ದಾರಾ ಎಂಬ ಪ್ರಶ್ನೆ ಎದ್ದರೆ ಸ್ಕ್ಯಾನ್ ಪ್ರತಿ ಏನು ಹೇಳುತ್ತದೆ? ಇಂಥ ಕಡೆ ವಕೀಲರು ತಕರಾರು ತೆಗೆದರೆ ಅದು ಸುಮ್ನೆ ಕಾಲಹರಣ ಅಲ್ಲ. ಸಾಕ್ಷಿ ಹಿಂದೆ ಪೊಲೀಸರ ಮುಂದೆ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ಹಳೆಯ ಹೇಳಿಕೆಯನ್ನು ಅವನಿಗೆ ತೋರಿಸಿಯೇ ಕೇಳಬೇಕು. ವಿಸಿಯಲ್ಲಿ ಅದು ಬಿಟ್ಟುಹೋಗುತ್ತಿತ್ತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಕ್ರಿಮಿನಲ್ ಕೇಸಿನಲ್ಲಿ ಇದನ್ನು ಗಮನಿಸಿ, ಅಂಥ ಹೇಳಿಕೆಯ ಪ್ರತಿಯನ್ನು ಎಲೆಕ್ಟ್ರಾನಿಕ್ ಆಗಿ ಸಾಕ್ಷಿಗೆ ಕಳಿಸಿಯೇ ಪ್ರಶ್ನಿಸಬೇಕು ಎಂದು ವಿಚಾರಣಾ ಕೋರ್ಟ್‌ಗಳಿಗೆ ಸೂಚಿಸಿತು.

ಒಂದು ಲಾಭವನ್ನೂ ಹೇಳಬೇಕು. ಮಾಮೂಲಿ ಪಾಟೀಸವಾಲಿನಲ್ಲಿ ಉಳಿಯುವುದು ಟೈಪ್ ಮಾಡಿದ ಹಾಳೆ ಮಾತ್ರ. ವಿಸಿ ಸಾಕ್ಷ್ಯದ ವಿಡಿಯೊ ಉಳಿಸಿಡಬೇಕು ಅಂತ ನಿಯಮವಿದೆ. ಆ ಫೈಲಿಗೆ ಹ್ಯಾಶ್ ಮೌಲ್ಯ ಎಂಬ ಒಂದು ಉದ್ದ ಸಂಖ್ಯೆ ಲೆಕ್ಕ ಹಾಕಿ ದಾಖಲೆಗೆ ಸೇರಿಸುತ್ತಾರೆ. ವಿಡಿಯೊದಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ, ಹಾಗಾಗಿ ಯಾರಾದರೂ ಕೈ ಆಡಿಸಿದರೆ ಸಿಕ್ಕಿಬೀಳುತ್ತಾರೆ. ಅಪೀಲಿನಲ್ಲಿ ಧಾರವಾಡದ ನ್ಯಾಯಮೂರ್ತಿಗಳು ಆ ನಾಲ್ಕು ಸೆಕೆಂಡನ್ನು ತಾವೇ ನೋಡಬಹುದು. ಕಟಕಟೆ ಸಾಕ್ಷಿಯಲ್ಲಿ ಆ ಅವಕಾಶವೇ ಇಲ್ಲ ಅಲ್ವಾ?

ಈಗ ಜೈಲಿನ ಕಡೆ ಬರೋಣ. ಕಾರವಾರ ಜೈಲಿನಲ್ಲಿರುವ ಆರೋಪಿಯನ್ನು ಪ್ರತಿ ತಾರೀಕಿಗೂ ಘಟ್ಟದ ಮೇಲಿನ ತಾಲೂಕು ಕೋರ್ಟಿಗೆ ಕರೆದೊಯ್ಯಬೇಕೆಂದರೆ ಜೀಪು, ಪೊಲೀಸರು, ಇಡೀ ದಿನ. ಎಷ್ಟೋ ಸಲ ಕೋರ್ಟಿನಲ್ಲಿ ಆಗುವುದು ಬರೀ ಮುಂದಿನ ತಾರೀಕು. ಹಾಗಾಗಿ ನ್ಯಾಯಾಂಗ ಬಂಧನ ಮುಂದುವರಿಸಲು ವಿಸಿ ಸಾಕು ಎಂದು ಹೊಸ ಸಂಹಿತೆಯ 187ನೇ ಸೆಕ್ಷನ್ ಹೇಳುತ್ತದೆ. ಆದರೆ ಪೊಲೀಸ್ ಕಸ್ಟಡಿ ಕೇಳುವುದಾದರೆ ಮೊದಲ ಸಲವೂ, ಆ ಕಸ್ಟಡಿ ಇರುವವರೆಗೆ ಪ್ರತಿ ಸಲವೂ, ಆರೋಪಿಯನ್ನು ಖುದ್ದಾಗಿ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಲೇಬೇಕು. ಇಲ್ಲಿ ವಿಸಿ ನಡೆಯಲ್ಲ. ಕಾರಣ ಸರಳ. ಮೈಮೇಲೆ ಬಾಸುಂಡೆ ಇದೆಯಾ, ಕುಂಟುತ್ತಿದ್ದಾನಾ ಎಂದು ಸ್ಕ್ರೀನ್‌ನಲ್ಲಿ ಕಾಣುವುದಿಲ್ಲ. ಪಕ್ಕದಲ್ಲೇ ಪೊಲೀಸರು ನಿಂತಿರುವಾಗ ‘ಹೊಡೆದರು’ ಅಂತ ಹೇಳುವ ಧೈರ್ಯ ಯಾರಿಗಿದೆ? ಕೋಣೆಯಲ್ಲಿ ಯಾರಿದ್ದಾರೆ ಅನ್ನುವ ಪ್ರಶ್ನೆಗೆ ಕಾನೂನು ಇಷ್ಟು ಸ್ಪಷ್ಟ ಉತ್ತರ ಕೊಟ್ಟಿರುವ ಜಾಗ ಇನ್ನೊಂದು ಸಿಗುವುದು ಕಷ್ಟ.

ಬಂಧನದಲ್ಲಿರುವ ಆರೋಪಿಯ ಹೇಳಿಕೆಯನ್ನು ವಿಸಿಯಲ್ಲಿ ದಾಖಲಿಸಿದರೆ 72 ಗಂಟೆಯೊಳಗೆ ಅವನ ಸಹಿ ತೆಗೆದುಕೊಳ್ಳಬೇಕು ಎಂಬ ನಿಯಮವೂ ಇದೆ. ಇನ್ನೊಂದು ವಿಷಯವನ್ನು ಆರೋಪಿ ಕಡೆಯವರು ಕೇಳಲು ಮರೆಯುತ್ತಾರೆ. ವಕೀಲರು ಕೋರ್ಟಿನಲ್ಲಿ, ಆರೋಪಿ ಜೈಲಿನಲ್ಲಿ. ಮಧ್ಯೆ ಗುಟ್ಟಾಗಿ ಒಂದು ಮಾತು ಹೇಳಬೇಕಾದರೆ? ಕಟಕಟೆ ಪಕ್ಕ ಬಗ್ಗಿ ಕಿವಿಯಲ್ಲಿ ಹೇಳುವುದು ಇಲ್ಲಿ ಆಗಲ್ಲ. ಹಾಗೆ ಮಾತಾಡಲು ಬೇರೆ ವ್ಯವಸ್ಥೆ ಮಾಡಿಕೊಡಿ ಎಂದು ಕೋರ್ಟನ್ನು ಕೇಳಿಕೊಳ್ಳಬೇಕು.

ಸ್ಕ್ರೀನೇ ಮೇಲು ಅನ್ನಿಸುವ ಕೇಸುಗಳೂ ಇವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ಸಾಕ್ಷಿ ಹೇಳುವಾಗ ಮಗು ಆರೋಪಿಯ ಮುಖ ನೋಡುವ ಹಾಗಾಗಬಾರದು. ವಿಸಿ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು, ಪರದೆ, ಯಾವುದನ್ನಾದರೂ ಬಳಸಬಹುದು. ಮಗುವಿನ ಪಾಲಿಗೆ ದೂರವೇ ರಕ್ಷಣೆ.

ಗಂಡ ಹೆಂಡತಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಒಂದು ವರ್ಷದೊಳಗೆ ಎರಡು ಮಾತು ಹೇಳಿತು. 2017ರ ಮಾರ್ಚ್‌ನಲ್ಲಿ, ಕೇಸನ್ನು ಊರಿಂದ ಊರಿಗೆ ವರ್ಗ ಮಾಡುವ ಬದಲು ವಿಸಿ ಬಳಸಿ ಅಂದಿತು. ಅಕ್ಟೋಬರ್ 9ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು, ಅದೂ ಎರಡು–ಒಂದು ಬಹುಮತದಲ್ಲಿ. ರಾಜಿ ಪ್ರಯತ್ನ ಎದುರುಬದುರು ಕೂತೇ ಆಗಬೇಕು, ರಾಜಿ ಮುರಿದ ಮೇಲೆ ಇಬ್ಬರೂ ಒಪ್ಪಿದರೆ ವಿಸಿ ಆಗಬಹುದು ಎಂದು ಬಹುಮತದ ತೀರ್ಪು. ಒಪ್ಪದೆ ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಗಂಡನ ಊರಿನ ಕೋರ್ಟಿಗೆ ಮಗು ಎತ್ತಿಕೊಂಡು ಅಲೆಯುವ ಹೆಣ್ಣುಮಗಳ ಕಡೆಯಿಂದ ನೋಡಿದರೆ ಅವರ ಮಾತಿನಲ್ಲೇ ತೂಕ ಜಾಸ್ತಿ ಅಂತ ನನ್ನ ಅಭಿಪ್ರಾಯ.

ವಿಸಿ ಬೇರೆ, ಯೂಟ್ಯೂಬ್‌ನಲ್ಲಿ ಬರುವ ಹೈಕೋರ್ಟ್ ನೇರ ಪ್ರಸಾರ ಬೇರೆ. ಇದನ್ನು ತುಂಬ ಜನ ಕಲಸುತ್ತಾರೆ. ವಿಸಿಯಲ್ಲಿ ನೀವು ಕಲಾಪದ ಭಾಗ. ನೇರ ಪ್ರಸಾರದಲ್ಲಿ ಬರೀ ನೋಡುಗರು. ಕರ್ನಾಟಕದಲ್ಲಿ ನೇರ ಪ್ರಸಾರದ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಎರಡಕ್ಕೂ ಅದರದ್ದೇ ತಲೆನೋವು. 2023ರ ಡಿಸೆಂಬರ್‌ನಲ್ಲಿ ಯಾರೋ ಕಿಡಿಗೇಡಿಗಳು ಹೈಕೋರ್ಟಿನ ವಿಸಿಗೆ ನುಗ್ಗಿ ಅಶ್ಲೀಲ ವಿಡಿಯೊ ಹಾಕಿದ್ದರಿಂದ ವಿಸಿ, ನೇರ ಪ್ರಸಾರ ಎರಡನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. 2025ರ ಜೂನ್‌ನಲ್ಲಿ ಗುಜರಾತ್ ಹೈಕೋರ್ಟಿನ ವಿಸಿಗೆ ಒಬ್ಬಾತ ಶೌಚಾಲಯದಲ್ಲಿ ಕೂತೇ ಹಾಜರಾಗಿದ್ದ. ನಗು ಬರುತ್ತದೆ, ಆದರೆ ಅವನಿಗೆ ನ್ಯಾಯಾಂಗ ನಿಂದನೆ ಕೇಸು ಬಿತ್ತು. ಲಿಂಕ್ ಒತ್ತಿದ ಕೂಡಲೇ ನೀವು ಕೋರ್ಟ್ ಹಾಲಿನ ಒಳಗೆ ಇದ್ದೀರಿ, ಅಲ್ಲಿನ ಶಿಸ್ತು ಇಲ್ಲಿಗೂ ಅನ್ವಯಿಸುತ್ತದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕುವುದಂತೂ ಬೇಡವೇ ಬೇಡ.

ಮೋಸಗಾರರೂ ವಿಸಿ ಕಲಿತಿದ್ದಾರೆ. 2024ರಲ್ಲಿ ಲುಧಿಯಾನದ ಒಬ್ಬ ದೊಡ್ಡ ಉದ್ಯಮಿಗೆ ವಿಡಿಯೊ ಕರೆಯಲ್ಲಿ ನಕಲಿ ಸುಪ್ರೀಂ ಕೋರ್ಟನ್ನೇ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ನಕಲಿ ಮುಖ್ಯ ನ್ಯಾಯಮೂರ್ತಿಯನ್ನೂ ಕೂರಿಸಿದ್ದರು. ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಇವರು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾಯಿದೆಯಲ್ಲೂ ಇಲ್ಲ. ನಿಜವಾದ ಕೇಸಿಗೆ ಒಂದು ನಂಬರ್ ಇರುತ್ತದೆ. 16 ಅಕ್ಷರ–ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕೋರ್ಟ್, ಯಾವ ತಾರೀಕು ಎಲ್ಲ ಬರುತ್ತದೆ. ಕೋರ್ಟ್ ಯಾವತ್ತೂ ವಿಡಿಯೊ ಕರೆ ಮಾಡಿ ದುಡ್ಡು ಕೇಳುವುದಿಲ್ಲ.

ಕೊನೆಗೆ ಅರ್ಜಿಯ ವಿಷಯ. ಸಾಕ್ಷಿಗೆ ವಿಸಿ ಬೇಕಾದರೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಕೊಡಬೇಕು. ಯಾಕೆ ಬರಲು ಆಗುವುದಿಲ್ಲ, ಎಲ್ಲಿ ಕೂರುತ್ತಾರೆ, ಯಾವ ದಾಖಲೆ ತೋರಿಸಬೇಕಾಗಬಹುದು ಎಂದು ಬರೆಯಬೇಕು. ವಯಸ್ಸು, ಕಾಯಿಲೆ ಕಾರಣವಾದರೆ ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ. ಎದುರು ಪಾರ್ಟಿಯ ಮಾತನ್ನೂ ಕೇಳಿ ನ್ಯಾಯಾಧೀಶರು ಆದೇಶ ಮಾಡುತ್ತಾರೆ. ಸಿವಿಲ್ ಕೇಸಿನಲ್ಲಿ ಖರ್ಚು ಸಾಮಾನ್ಯವಾಗಿ ಕೇಳಿದವರದ್ದೇ. ಜೊಯಿಡಾ, ಸಿದ್ದಾಪುರದ ಒಳಹಳ್ಳಿಯವರು ಮನೆಯಿಂದ ಮಾಡುವ ಸಾಹಸಕ್ಕೆ ಕೈಹಾಕದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಮಲಗುತ್ತದೆ, ಪ್ರಶ್ನೆಯ ಅರ್ಧಕ್ಕೆ ಸಾಕ್ಷಿ ಮಾಯ. ಹತ್ತಿರದ ಕೋರ್ಟಿನಲ್ಲೇ ಕೂರಲು ಅನುಮತಿ ಕೇಳಿ, ಅಲ್ಲಿ ಕೋರ್ಟಿನ ಆನ್‌ಲೈನ್ ಕೆಲಸಕ್ಕೆ ಜನರಿಗೆ ನೆರವಾಗುವ ಇ-ಸೇವಾ ಕೇಂದ್ರ ಇದ್ದರೆ ಮೊದಲೇ ಹೋಗಿ ವಿಚಾರಿಸಿ. ಅವತ್ತು ಅರ್ಧ ಗಂಟೆ ಮೊದಲೇ ತಲುಪಿ ಧ್ವನಿ, ಚಿತ್ರ ಸರಿ ಇದೆಯಾ ನೋಡಿಕೊಳ್ಳಬೇಕು. ಮಧ್ಯದಲ್ಲಿ ಮಾತು ಕೇಳಿಸದಿದ್ದರೆ ಆಗಲೇ ಹೇಳಿ, ನ್ಯಾಯಾಧೀಶರು ಅದನ್ನು ದಾಖಲಿಸಿಕೊಳ್ಳುವ ಹಾಗೆ. ವರ್ಷ ಕಳೆದು ಅಪೀಲಿನಲ್ಲಿ ‘ಅವತ್ತು ಸರಿಯಾಗಿ ಕೇಳಿಸಿರಲಿಲ್ಲ’ ಅಂದರೆ, ಅವತ್ತೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ.